ತಿರುವಿನ ಬೋರ್ಡಿಗೆ ಕೈಮುಗಿದದ್ದು

ಬಸ್ಸಿನಲ್ಲಿ ಮುಂದಿನ ಸೀಟು ಸಿಗುವುದು ಭಾಗ್ಯವೆನ್ನುವವರು ಒಮ್ಮೆಯೂ ಅಲ್ಲಿ ಕುಳಿತವರಲ್ಲ ಎಂದು ನನ್ನ ಅನುಮಾನ. ಹಿಂದೆ ಕುಳಿತವನಿಗೆ ಏನಾಯಿತೆಂಬುದು ಆದ ಮೇಲೆ ತಿಳಿಯುತ್ತದೆ. ಮುಂದೆ ಕುಳಿತವನಿಗೆ ಆಗುವ ಮೊದಲೇ ತಿಳಿಯುತ್ತದೆ. ಆಲಂಕಾರಿನ ಶಾಲೆಯಲ್ಲಿ ಮಾಸ್ಟ್ರಾಗಿದ್ದ ನಾನು ಪ್ರತಿ ಸೋಮವಾರ ಪುತ್ತೂರಿನಲ್ಲಿ ಕಡಬದ ಬಸ್ಸು ಹತ್ತುತ್ತಿದ್ದೆ. ಡ್ರೈವರ್ ಮೋನಪ್ಪ ತನ್ನ ಪಕ್ಕದ ಸೀಟನ್ನು ಗೌರವದಿಂದ ನನಗೆಂದೇ ಕಾದಿರಿಸುತ್ತಿದ್ದ. ಬೇಡವೆನ್ನುವ ಧೈರ್ಯ ನನಗಿರಲಿಲ್ಲ.

ಅದು ಅರುವತ್ತರ ದಶಕದ ಆರಂಭ. ಸರಕಾರದವರು ನಮ್ಮ ರಸ್ತೆಗೆ ಹೊಸ ಬೋರ್ಡುಗಳನ್ನು ನೆಟ್ಟು, ಅರ್ಥವನ್ನು ಯಾರಿಗೂ ಹೇಳದೆ ಜೀಪು ಹತ್ತಿ ಹೋಗಿದ್ದರು. ನಮ್ಮ ಶಾಲೆಯ ಎದುರಿನ ಬೋರ್ಡಿನಲ್ಲಿ ಉರಿಯುವ ಪಂಜಿನ ಚಿತ್ರವಿತ್ತು. ವಿದ್ಯೆಯ ಬೆಳಕು ಇರಬೇಕು. ಮೋನಪ್ಪ ಅದನ್ನು ನೋಡಿ, ಇಲ್ಲಿ ಪಂಜು ಹಿಡಿದು ಕುಣಿಯುವ ಭೂತದ ಕೋಲ ಯಾವತ್ತು ಎಂದು ಕೇಳಿದ್ದ. ನಾನು ನಕ್ಕಿದ್ದೆ. ನಗುವ ವಿಷಯವಲ್ಲವೆಂದು ಮುಂದಿನ ಸೋಮವಾರ ತಿಳಿಯಿತು.

ಆಲಂಕಾರಿಗೆ ಸ್ವಲ್ಪ ಮೊದಲು ರಸ್ತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತದೆ. ಬದಿಯಲ್ಲಿ ಮಳೆನೀರು ಹರಿಯುವ ಆಳದ ತೋಡು. ಅಲ್ಲಿ ಆ ವಾರವಷ್ಟೇ ನೆಟ್ಟ ಬಿಳಿ ತಗಡಿನಲ್ಲಿ ಡೊಂಕಾದ ಒಂದು ಕಪ್ಪು ಗೆರೆ, ಮೇಲ್ತುದಿಯಲ್ಲಿ ಬಾಣದ ಅಗಲ ತಲೆ. ಬೋರ್ಡು ಕಂಡದ್ದೇ ಮೋನಪ್ಪ ಸ್ಟೇರಿಂಗಿನಿಂದ ಎರಡೂ ಕೈ ತೆಗೆದು, ಕಣ್ಣು ಮುಚ್ಚಿ, ಕೈಮುಗಿದ. ಬಸ್ಸು ನೇರ ಹೋಯಿತು, ರಸ್ತೆ ಹೋಗಲಿಲ್ಲ. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ: ಮೊದಲು ಬೋರ್ಡು, ಆಮೇಲೆ ತೋಡು, ಆಮೇಲೆ ತೋಡಿನ ಆಚೆ ಮೇಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ ಒಂದು ದನ. ಅಷ್ಟರಲ್ಲಿ ಮೋನಪ್ಪ ಕಣ್ಣು ತೆರೆದು ಬಸ್ಸನ್ನು ತಿರುಗಿಸಿದ.

"ಎಂತ ಮಾರಾಯ, ಕೈ ಬಿಟ್ಟದ್ದು?" ಎಂದು ಕೇಳಿದೆ.

"ನಾಗ ಉಂಟಲ್ಲ ಮಾಸ್ಟ್ರೇ. ಹೆಡೆ ಕಾಣ್ಲಿಲ್ವಾ? ಸರಕಾರವೇ ಹೆದರಿ ಬೋರ್ಡು ಹಾಕಿದೆ. ನಾವು ಸುಮ್ಮನೆ ಹೋಗುದು ಹೇಗೆ?"

"ಅದು ನಾಗ ಅಲ್ಲ. ಮುಂದೆ ರಸ್ತೆ ತಿರುಗ್ತದೆ ಅಂತ."

"ತಿರುಗ್ತದೆ ಅಂತ ನನಗೆ ತಗಡು ಹೇಳ್ಬೇಕಾ? ಬೋರ್ಡು ಬರುವ ಮೊದಲು ಬಸ್ಸು ತಿರುಗಿಸಿದ್ದು ಯಾರು?"

ಹಿಂದಿನ ಸೀಟಿನ ಅಜ್ಜಿಯೊಬ್ಬರು, "ಮಾಸ್ಟ್ರಿಗೆ ನಂಬಿಕೆ ಇಲ್ಲದಿದ್ರೆ ನಡ್ಕೊಂಡು ಬರ್ಲಿ" ಎಂದರು. ಇಡೀ ಬಸ್ಸು ಅಜ್ಜಿಯ ಪಕ್ಷ. ಕಂಡಕ್ಟರ್ ಅದ್ರಾಮ ಮಾತ್ರ ನನ್ನ ಕಿವಿಗೆ ಬಗ್ಗಿದ. "ನಾಗನ ವಿಷಯ ಮುಸ್ಲಿಮ ನಾನು ಹೇಳಿದ್ರೆ ಬೇರೆಯೇ ಜಗಳ ಆಗ್ತದೆ, ನೀವೇ ಹೇಳಿ. ಆ ತಿರುವು ಬಂದ್ರೆ ನಾನು ಹಿಂದಿನ ಬಾಗಿಲಲ್ಲೇ ನಿಲ್ಲುದು. ಹಾರ್ಲಿಕ್ಕೆ ಸುಲಭ."

ವಾರವಿಡೀ ನನಗೆ ಆ ದನದ ಮುಖವೇ ಕಣ್ಣ ಮುಂದೆ. ಮುಂದಿನ ಸೋಮವಾರ ಬಸ್ಸು ಹೊರಡುವ ಮೊದಲೇ ಹೇಳಿದೆ: "ಮೋನಪ್ಪ, ನಿನ್ನ ಹೆಸರಲ್ಲಿ ಭಟ್ರು ಪೂಜೆ ಮಾಡಿದ್ರೆ ಫಲ ನಿನಗೇ ಅಲ್ವಾ? ಹಾಗೆ ನಿನ್ನ ಬದಲಿಗೆ ನಾನು ಕೈಮುಗೀತೇನೆ. ನೀನು ಸ್ಟೇರಿಂಗ್ ಬಿಡ್ಬೇಡ."

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಆಗಬಹುದು. ಆದ್ರೆ ಎರಡು ಸಲ ಮುಗೀಬೇಕು. ನಿಮ್ಮದೊಂದು, ನನ್ನದೊಂದು."

ಹೀಗೆ ನಾನು ಆ ಬಸ್ಸಿನ ಅರ್ಚಕನಾದೆ. ಡೊಂಕು ಗೆರೆ ಕಂಡಲ್ಲೆಲ್ಲ ಎರಡು ನಮಸ್ಕಾರ. ತೂಕಡಿಸಿದರೆ ಮೋನಪ್ಪ ಹಾರ್ನ್ ಒತ್ತಿ ಎಬ್ಬಿಸುತ್ತಿದ್ದ. ಮಾಸ್ಟ್ರಿಗೆ ಬುದ್ಧಿ ಬಂತೆಂದು ಅಜ್ಜಿ ಮೆಚ್ಚಿದರು. ಅದ್ರಾಮ ತಿರುವಿನಲ್ಲೂ ಟಿಕೆಟು ಕೊಡತೊಡಗಿದ. ಸೋಮವಾರಕ್ಕೊಮ್ಮೆಯಾದರೂ ಒಂದು ಬಸ್ಸಿನ ಜೀವ ಉಳಿಸಿದ ಹೆಮ್ಮೆ ನನಗೆ ಇಲ್ಲದಿರಲಿಲ್ಲ.

ಒಂದು ಭಾನುವಾರ ನೆಂಟರ ಮನೆಯ ಊಟಕ್ಕೆಂದು ಕೆದಂಬಾಡಿಯ ಇಳಿಜಾರಿನಲ್ಲಿ ಸೈಕಲು ಬಿಟ್ಟುಕೊಂಡು ಹೋಗುತ್ತಿದ್ದೆ. ಅಲ್ಲೂ ಬೋರ್ಡು ಬಂದದ್ದು ನನಗೆ ಗೊತ್ತಿರಲಿಲ್ಲ. ಕಂಡಿತು. ನಾನು ಏನನ್ನೂ ಯೋಚಿಸಲಿಲ್ಲ, ಕೈಗಳಿಗೆ ಅಭ್ಯಾಸವಿತ್ತು. ಮೊದಲ ನಮಸ್ಕಾರ ಸರಿಯಾಗಿಯೇ ಆಯಿತು. ಎರಡನೆಯದಕ್ಕೆ ಅವಕಾಶವಾಗಲಿಲ್ಲ, ಅಷ್ಟರಲ್ಲಿ ಸೈಕಲೂ ನಾನೂ ಚರಂಡಿಯಲ್ಲಿದ್ದೆವು.

ಹಿಂದಿನಿಂದ ಮದುವೆ ದಿಬ್ಬಣ ತುಂಬಿಕೊಂಡು ಬರುತ್ತಿದ್ದ ಬಸ್ಸು ನಿಂತಿತು. ಇಳಿದು ಬಂದವನು ಮೋನಪ್ಪ. ನನ್ನನ್ನು ಎತ್ತಿ ನಿಲ್ಲಿಸಿ, ಬೋರ್ಡನ್ನೊಮ್ಮೆ ನನ್ನನ್ನೊಮ್ಮೆ ನೋಡಿದ.

"ಎಂತ ಮಾಸ್ಟ್ರೇ, ಕಲಿತವರು ನೀವು. ಮುಂದೆ ತಿರುವು ಉಂಟೂಂತ ಅಷ್ಟು ದೊಡ್ಡ ಬೋರ್ಡು ಹಾಕಿದ್ದಾರೆ, ಕಾಣ್ಲಿಲ್ವಾ?"

ನನ್ನ ಬಾಯಿ ತುಂಬ ಕೆಸರಿತ್ತು. ಅವನಿಗೂ ಕೈಮುಗಿದೆ.