ಪಾರ್ಕಿನಲ್ಲಿ ವಿಮಾನ ಹಾರಿಸಬಾರದು

ಪಾರ್ಕಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತವನು ನಗುವಿಗಾಗಿ ಎಲ್ಲಿಗೂ ಹೋಗಬೇಕಿಲ್ಲ. ಅದು ದಿನಾ ತಾನಾಗಿಯೇ ಒಳಗೆ ಬರುತ್ತದೆ. ಹೊಸಪೇಟೆಯ ಒಂದು ಪಾರ್ಕು ಕಾಯುತ್ತ ನಾನು ಕಳೆದದ್ದು ಅದಿರಿನ ಭರಾಟೆಯ ವರ್ಷಗಳು. ರಸ್ತೆ ತುಂಬ ಲಾರಿ, ಎಲೆಗಳ ಮೇಲೆ ಕೆಂಪು ಧೂಳು, ಊರಿನಲ್ಲಿ ಹೊಸ ದುಡ್ಡು. ಆ ದುಡ್ಡಿನ ಹಿಂದೆಯೇ ರಿಮೋಟಿನ ಆಟದ ವಿಮಾನಗಳೂ ಬಂದವು. ಬಂದದ್ದು ನೇರ ನನ್ನ ಪಾರ್ಕಿಗೆ.

ನಗೆಕೂಟ

ಬೆಳಿಗ್ಗೆ ಪಾರ್ಕಿನಲ್ಲಿ ಹಿರಿಯರದೊಂದು ನಗೆಕೂಟ ನಡೆಯುತ್ತಿತ್ತು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಮುಂದೆ ನಿಂತು, ಎಲ್ಲರ ಕೈ ಎತ್ತಿಸಿ, "ಹ್ಹ ಹ್ಹ ಹ್ಹ" ಅನ್ನಿಸುತ್ತಿದ್ದರು. ಒಂದು ದಿನ ಲಾರಿ ಮಾಲೀಕರೊಬ್ಬರು ದುಬೈನಿಂದ ತರಿಸಿದ ವಿಮಾನ ಹಾರಿಸಲು ಬಂದರು. ಅದು ಎದ್ದದ್ದು ಚೆನ್ನಾಗಿಯೇ ಎದ್ದಿತು. ಆಮೇಲೆ ಯಾರ ಮಾತೂ ಕೇಳಲಿಲ್ಲ. ಭರ್ರೆಂದು ನಗೆಕೂಟದ ಮೇಲೆಯೇ ಇಳಿಯತೊಡಗಿತು.

"ಎಲ್ಲಾರೂ ಮಲಕ್ಕೊಳ್ರಿ!" ಎಂದು ಹೆಡ್‌ಮಾಸ್ತರರು ಕೂಗಿದರು. ಇದ್ದಷ್ಟು ಜನ ಹುಲ್ಲಿನ ಮೇಲೆ ಬೋರಲು ಬಿದ್ದರು. ವಿಮಾನ ಬೇವಿನ ಮರಕ್ಕೆ ಬಡಿದು ಸುಮ್ಮನಾಯಿತು. ಯಾರಿಗೂ ಏನೂ ಆಗಲಿಲ್ಲ. ನಾನು ಓಡಿ ಹೋಗಿ ಒಬ್ಬೊಬ್ಬರನ್ನೇ ಎಬ್ಬಿಸಿದೆ. ಅಂದೇ ಹೊಸದಾಗಿ ಸೇರಿದ್ದ ಅಮ್ಮ ಒಬ್ಬರು ಮಾತ್ರ ಏಳಲೊಲ್ಲರು. ಮುಖ ಹುಲ್ಲಿನಲ್ಲಿಟ್ಟುಕೊಂಡೇ ಕೇಳಿದರು: "ಸರ್, ಇದರಾಗ ನಗೋದು ಯಾವಾಗ್ರಿ?"

ಬೋರ್ಡು

ಮರುವಾರವೇ ಆಫೀಸಿನಿಂದ ಆದೇಶ ಬಂತು. ಆಟದ ವಿಮಾನ ಬಂದ್, ಹಾರಿಸಿದವರಿಗೆ ದಂಡ. ಬೋರ್ಡು ಬರೆಯುವವನು "ಆಟದ" ಎಂಬ ಮಾತನ್ನು ಬಿಟ್ಟು, ದಪ್ಪ ಅಕ್ಷರದಲ್ಲಿ "ಪಾರ್ಕಿನಲ್ಲಿ ವಿಮಾನ ಹಾರಿಸಬಾರದು" ಎಂದಷ್ಟೇ ಬರೆದು ಗೇಟಿಗೆ ತೂಗುಹಾಕಿದ.

ಕಂಪ್ಲಿಯಿಂದ ಆಸ್ಪತ್ರೆಗೆಂದು ಬಂದಿದ್ದ ವಯಸ್ಸಾದ ಗಂಡ ಹೆಂಡತಿ ನೆರಳು ಹುಡುಕಿಕೊಂಡು ಬಂದರು. ಯಜಮಾನರು ಗೇಟಿನಲ್ಲಿ ನಿಂತು ಅಕ್ಷರ ಕೂಡಿಸಿ ಕೂಡಿಸಿ ಬೋರ್ಡು ಓದಿದರು.

"ಇದನ್ನ ಯಾರಿಗೆ ಹೇಳ್ಯಾರ?" ಎಂದರು ಹೆಂಡತಿ.

"ಸಂಡೂರ ಕಡೆ ಗಣಿ ಧಣಿಗಳು ಈಗ ಭಾಳ ಮಂದಿ ಸ್ವಂತ ವಿಮಾನ ಇಟ್ಟಾರಂತ," ಎಂದು ಯಜಮಾನರು ತಗ್ಗಿದ ದನಿಯಲ್ಲಿ ಹೇಳಿ, ನನ್ನ ಹತ್ತಿರ ಬಂದರು. "ನಾವು ಬಸ್ಸಿಗೆ ಬಂದೀವ್ರಿ. ಒಳಗ ಕುಂದ್ರಬೌದೇನ್ರಿ?"

ಹಂಪಿಯಲ್ಲಿ

ಒಂದು ರಜೆಯ ದಿನ ಹೆಂಡತಿಯ ಜತೆ ಹಂಪಿಗೆ ಹೋಗಿದ್ದೆ. ಬಯಲಿನಲ್ಲಿ ಫಾರಿನ್ನಿನವನೊಬ್ಬ ದೊಡ್ಡ ಗಾಳಿಪಟ ಹಾರಿಸುತ್ತಿದ್ದ. ಮೇಲಿಂದ ಫೋಟೋ ತೆಗೆಯಲು ದಾರಕ್ಕೆ ಕ್ಯಾಮೆರಾ ಕಟ್ಟಿದ್ದ. ನನ್ನ ಕಾಲು ನನ್ನನ್ನು ಕೇಳದೆ ಅತ್ತ ಓಡಿತು. "ನೋ ಫ್ಲೈಯಿಂಗ್! ಪರ್ಮಿಶನ್!" ಎಂದೆ. ಪಾಪ, ಒಳ್ಳೆಯ ಮನುಷ್ಯ. ದಾರದ ಉಂಡೆ ನನ್ನ ಕೈಗೆ ಕೊಟ್ಟು, ಪರ್ಮಿಶನ್ ಕಾಗದ ತರಲು ಬಂಡೆಯ ಹಿಂದೆ ನಿಲ್ಲಿಸಿದ್ದ ಸೈಕಲ್ಲಿನ ಕಡೆ ಹೋದ. ಗಾಳಿ ಜೋರಾಗಿತ್ತು. ಬಿಟ್ಟರೆ ಕ್ಯಾಮೆರಾ ಹೋಗುತ್ತದೆ, ಹಿಡಿದರೆ ನಾನೇ ಹೋಗುತ್ತೇನೆ. ಎರಡೂ ಕಾಲು ಊರಿ ಜಗ್ಗುತ್ತ ನಿಂತಿದ್ದಾಗ ಅಲ್ಲಿಯ ಗಾರ್ಡು ಸೀಟಿ ಊದುತ್ತ ಬಂದ.

"ಏನ್ರೀ ಇದು? ಇಲ್ಲಿ ಹಾರಸಂಗಿಲ್ಲ, ಗೊತ್ತಿಲ್ಲೇನು?"

ಹೆಂಡತಿ ನನ್ನನ್ನು ಕಾಪಾಡಲು ಮುಂದೆ ಬಂದಳು. "ಅವರಿಗೆ ಬೈಬ್ಯಾಡ್ರಿ. ಹೊಸಪೇಟ್ಯಾಗ ಹಾರೋವು ಹಿಡಿಯೋದೇ ಇವರ ನೌಕರಿ."

ಗಾರ್ಡು ಗಾಳಿಪಟವನ್ನು ನೋಡಿದ, ನನ್ನನ್ನು ನೋಡಿದ. "ಇದನ್ನ ಹಿಡ್ಯಾಕೂ ಸಂಬಳ ಕೊಡ್ತಾರೇನ್ರಿ? ಇನ್ನೊಂದು ಜಾಗ ಖಾಲಿ ಐತೇನು?"

ಹಾರದ ವಿಮಾನ

ದೋಣಿಮಲೈ ಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದು, ರಿಟೈರಾಗಿ ಹೊಸಪೇಟೆಯಲ್ಲಿ ನೆಲೆಸಿದ್ದ ಹಿರಿಯರೊಬ್ಬರು ಥರ್ಮಾಕೋಲು, ಬಿದಿರು ಕಡ್ಡಿ, ರಿಮೋಟಿನ ಸಣ್ಣ ಮೋಟರು ಸೇರಿಸಿ ತಾವೇ ಒಂದು ವಿಮಾನ ಮಾಡಿಕೊಂಡು ಬಂದರು. ನಾನು ಬೋರ್ಡು ತೋರಿಸಿದೆ.

"ಹಾರಿಸಬಾರದು ಅಂತ ಐತಲ್ಲ? ನಂದು ಹಾರೂದಿಲ್ಲ. ನೀನಾ ನೋಡು," ಎಂದರು.

ನೋಡಿದೆ. ನಿಜ. ಅದು ಕೋಳಿಯ ಹಾಗೆ ನೆಲದ ಮೇಲೆ ಓಡಿ, ಒಂದು ಸಲ ಕುಪ್ಪಳಿಸಿ, ಹೂವಿನ ಪಾತಿಗೆ ಮೂತಿ ಇಟ್ಟು ನಿಂತಿತು. ಓಡಿಸಬಾರದು ಎಂದು ಯಾರೂ ಬರೆದಿರಲಿಲ್ಲವಲ್ಲ, ಬಿಟ್ಟೆ. ತಿಂಗಳುಗಟ್ಟಲೆ ಹೀಗೇ ನಡೆಯಿತು. ದಿನಾ ಏನೋ ಕೊರೆದು, ಏನೋ ಅಂಟಿಸಿ ತರುವರು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಹೋಗುವಾಗ ಅವರ ಮುಖ ನೋಡಿದರೆ ನನಗೇ ಸಂಕಟ. "ಓಣ್ಯಾಗ ಎಲ್ಲಾರೂ ನಗ್ತಾರಪ್ಪ," ಎನ್ನುತ್ತಿದ್ದರು.

ಒಂದು ಸಂಜೆ ಅದು ಓಡಿತು, ಕುಪ್ಪಳಿಸಿತು, ಮತ್ತೆ ನೆಲಕ್ಕೆ ಬರಲಿಲ್ಲ. ತೆಂಗಿನ ಮರದೆತ್ತರ ಏರಿ, ಪಾರ್ಕಿನ ಮೇಲೆ ಪೂರಾ ಒಂದು ಸುತ್ತು ಹಾಕಿ, ಹುಲ್ಲಿನ ಮೇಲೆ ಬಂದು ಕೂತಿತು. ವಾಕಿಂಗಿನವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು. ಆಮೇಲೆ ನೌಕರಿ ನೆನಪಾಯಿತು.

"ಸರ್, ಈಗ ಹಾರಿತಲ್ರಿ..." ಎಂದು ತೊದಲಿದೆ.

ಅವರು ಕಣ್ಣೊರೆಸಿಕೊಳ್ಳುತ್ತ ಜೇಬಿಗೆ ಕೈ ಹಾಕಿದರು. "ದಂಡ ಹಾಕಪ್ಪ. ರಸೀದ್ಯಾಗ 'ವಿಮಾನ ಹಾರಿಸಿದ್ದಕ್ಕೆ' ಅಂತ ಚೊಲೋ ಅಕ್ಷರದಾಗ ಬರಿ."

ಬರೆದುಕೊಟ್ಟೆ. ಮರುದಿನ ಅವರ ಹೆಂಡತಿ ಅದೇ ರಸೀದಿ ಹಿಡಿದು ಗೇಟಿಗೆ ಬಂದರು. ಮುಖ ಬಿಗಿದಿತ್ತು. ಜಗಳಕ್ಕೇ ಬಂದರೆಂದು ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.

"ಇದನ್ನ ಬರದಾಂವ ನೀನಾ?"

"ಹೌದ್ರಿ ಅಮ್ಮ. ರೂಲ್ಸ್ ಐತ್ರಿ..."

"ರೂಲ್ಸ್ ಇರ್ಲಿ. ಓಣ್ಯಾಗ ಮನಿಮನಿಗೂ ಹೋಗಿ ತೋರಿಸಿ ಬಂದೆ. ಎಷ್ಟು ಎತ್ತರ ಹಾರ್ತು ಅಂತ ಕೇಳ್ತಾರ. ಇದರಾಗ ನೀ ಬರದೇ ಇಲ್ಲಲ್ಲ! ತೆಂಗಿನ ಮರದಷ್ಟು ಅಂತ ಬರದು ಸೀಲ್ ಹೊಡಿ. ಎತ್ತರಕ್ಕ ಬ್ಯಾರೆ ದಂಡ ಇದ್ರ ಅದನ್ನೂ ತಗೋ!"