ಅಪ್ಪನ ಪಿಸ್ತೂಲಿನ ಬೆಲೆ

ಕೆಂಪಯ್ಯನವರು ಮಗನಿಗೆ ಬಿಟ್ಟುಹೋದ ತೊಂದರೆ ಒಂದು ಸೇರು ತೂಕವೂ ಇರಲಿಲ್ಲ. ಆದರೆ ಅದನ್ನು ಹೊತ್ತು ಯೋಗಾನಂದನ ಬೆನ್ನು ಬಾಗಿಹೋಗಿತ್ತು.

ಅದೊಂದು ಹಳೆಯ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು. ಹೊಸಹಳ್ಳಿಯಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ, ಕೆಂಪಯ್ಯನವರು ಹೊಲದ ಕಾವಲಿಗೆಂದು ಲೈಸೆನ್ಸ್ ಮಾಡಿಸಿ ನಿವೃತ್ತ ಸೇನಾಧಿಕಾರಿಯೊಬ್ಬರಿಂದ ಕೊಂಡದ್ದು. ಹೊಸಹಳ್ಳಿ ಬೆಂಗಳೂರಿನ ಆರ್‌ಪಿಸಿ ಲೇಔಟಾಯಿತು, ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಮನೆಯಾಯಿತು. ಪಿಸ್ತೂಲು ಮಾತ್ರ ಒಂದು ಕಾಗೆಯನ್ನೂ ಹೆದರಿಸಲಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಪೆಟ್ಟಿಗೆಯಿಂದ ಎದ್ದು ಬಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ನಳಿಗೆಯ ತುಂಬ ತೀರ್ಥ ಕುಡಿದು ಮತ್ತೆ ಮಲಗುತ್ತಿತ್ತು. ಅದು ಉಗುಳಿದ ಗುಂಡಿಗಿಂತ ನುಂಗಿದ ಕುಂಕುಮವೇ ಹೆಚ್ಚು.

ಕಣ್ಣು ಮುಚ್ಚುವ ಮುಂಚೆ ಕೆಂಪಯ್ಯನವರು ಮಕ್ಕಳಿಬ್ಬರನ್ನೂ ಕರೆದು, "ಅದನ್ನ ಮಾರಬೇಡಿ. ಒಬ್ಬರು ಇಟ್ಕೊಳ್ಳಿ, ಇನ್ನೊಬ್ಬರಿಗೆ ಅರ್ಧ ಬೆಲೆ ಕೊಡಿ" ಎಂದಿದ್ದರು. ಹೇಗೆ ಎಂಬುದಕ್ಕೆ ಮನೆತನದ ಕ್ರಮವೇ ಇತ್ತು. ಹಿಂದೆ ಹೊಲ ಪಾಲಾದದ್ದೂ ಹಾಗೆಯೇ. ಬೆಲೆ ಕಟ್ಟುವವನು ಒಬ್ಬ, ಆರಿಸಿಕೊಳ್ಳುವವನು ಇನ್ನೊಬ್ಬ. ಯೋಗಾನಂದ ಬೆಲೆ ಹೇಳಬೇಕು. ಅಕ್ಕ ಸೌಂದರ್ಯಾ "ನಾನಿಟ್ಕೊತೀನಿ" ಎನ್ನಬೇಕು, ಇಲ್ಲವೇ "ನೀನಿಟ್ಕೊ" ಎನ್ನಬೇಕು. ಅದರ ಮೇಲೆ ಮಾತಿಲ್ಲ.

ಆ ಸಂಜೆ ಅಕ್ಕ ಬಸವೇಶ್ವರನಗರದಿಂದ ಬರುವವಳಿದ್ದಳು. ಬೆಳಿಗ್ಗೆಯೇ ಹೆಂಡತಿ ಚೈತ್ರ ಕಾಫಿ ಲೋಟ ಕುಕ್ಕಿ ತೀರ್ಪು ಕೊಟ್ಟಳು.

"ನೋಡ್ರೀ, ಅದು ನಿಮ್ ಪಾಲಿಗೆ ಬಂತೋ, ನಾನು ಕೆಂಗೇರಿಗೆ, ಅಮ್ಮನ ಮನೆಗೆ. ಹಲ್ಲಿ ಬಿದ್ರೆ ಮಂಚ ಹತ್ತೋರು ನೀವು. ನಿಮ್ ಕೈಲಿ ಪಿಸ್ತೂಲಿದ್ರೆ ಹಲ್ಲಿಗೇನೂ ಆಗಲ್ಲ, ನನ್ ಕತೆ ಮುಗೀತು."

ಯೋಗಾನಂದನಿಗೂ ಅದು ಬೇಡವೇ ಬೇಡ. ಆದ್ದರಿಂದ ಹಲ್ಲುಜ್ಜುತ್ತಾ ಒಂದು ಉಪಾಯ ಹೂಡಿದ. ಬೆಲೆ ಏರಿದರೆ ಅಕ್ಕ "ನೀನಿಟ್ಕೊ, ನನ್ನರ್ಧ ಎಣಿಸು" ಅಂದುಬಿಡುತ್ತಾಳೆ. ಇಳಿದರೆ, ಅಗ್ಗಕ್ಕೆ ಸಿಕ್ಕಿತೆಂದು ಅವಳೇ ಒಯ್ಯುತ್ತಾಳೆ. ಹಾಗಾಗಿ ಬೆಲೆ ಇಳಿಯಬೇಕು. ಆದರೆ ಬಾಯಿಗೆ ಬಂದಂತೆ ಹೇಳುವ ಹಾಗಿಲ್ಲ; ಅಪ್ಪನ ಆತ್ಮ ಮೆಚ್ಚಬೇಕು, ನಾಲ್ಕು ಜನ ನ್ಯಾಯ ಅನ್ನಬೇಕು. ಅದಕ್ಕೇ ಬಂದೂಕು ವ್ಯಾಪಾರಿ ರುದ್ರೇಶನನ್ನು ಮಧ್ಯಾಹ್ನ ಮನೆಗೇ ಬರಹೇಳಿದ್ದ.

ರುದ್ರೇಶನಿಗಿಂತ ಮೊದಲು ಬಂದವನು ಮನೆ ಬ್ರೋಕರ್ ಶಿವಕಿರಣ್. ಆರ್‌ಪಿಸಿ ಲೇಔಟಿನಲ್ಲಿ ಯಾರ ಮನೆಯಲ್ಲಿ ಬೆಲೆಯ ಮಾತೆದ್ದರೂ ಸಕ್ಕರೆ ಡಬ್ಬಕ್ಕೆ ಇರುವೆ ಬಂದಂತೆ ಅವನು ಬರುತ್ತಿದ್ದ.

"ಸೆಮಿ ಆಟೋಮ್ಯಾಟಿಕ್ ಅಂದ್ರೇನ್ ಸಾರ್?"

"ಒಂದು ಗುಂಡು ಹಾರಿದ್ಮೇಲೆ ಮುಂದಿನ ಗುಂಡು ತಾನೇ ಬಂದು ಕೂತ್ಕೊಳತ್ತಂತೆ. ಟ್ರಿಗರ್ ಮಾತ್ರ ಪ್ರತಿ ಸಲ ನಾವೇ ಎಳೀಬೇಕು."

"ಓಹೋ, ಸೆಮಿ ಫರ್ನಿಶ್ಡ್ ಮನೆ ಇದ್ದಂಗೆ! ಕಬೋರ್ಡ್ ಅವರದು, ಮಂಚ ನಮ್ದು." ಶಿವಕಿರಣ್ ಪಿಸ್ತೂಲನ್ನು ಸುತ್ತಲೂ ನೋಡಿದ. "ಒಬ್ರೇ ಓನರು, ಕಾಗದ ಕ್ಲಿಯರು, ಮೆಟ್ರೋ ಹತ್ರ. ಮೂರು ಲಕ್ಷಕ್ಕೆ ಕಮ್ಮಿ ಮಾತೇ ಆಡ್ಬೇಡಿ ಸಾರ್."

"ಪಿಸ್ತೂಲಿಗೂ ಮೆಟ್ರೋಗೂ ಏನಯ್ಯಾ ಸಂಬಂಧ? ಸ್ವಲ್ಪ ಕಡಿಮೆ ಹೇಳಪ್ಪ, ನಿನ್ ದಮ್ಮಯ್ಯ."

"ನಿಮ್ ಸಂಕೋಚ ನಂಗೊತ್ತಿಲ್ವಾ ಸಾರ್? ನಾನಿದೀನಿ, ಬಿಡಿ."

ಬಿಡಲಿಲ್ಲ. ಫೋಟೋ ಹಿಡಿದು ಲೇಔಟಿನವರ ವಾಟ್ಸಾಪ್ ಗುಂಪಿಗೆ ಹಾಕಿ, "ಯೋಗಾನಂದ್ ಸಾರ್‌ಗೂ ಅವರ ಅಕ್ಕನಿಗೂ ಪಾಲು. ಇದಕ್ಕೆ ಎಷ್ಟಾಗಬಹುದು?" ಎಂದು ಕೇಳಿಬಿಟ್ಟ. ಬಂದೂಕು ಕಂಡರಿಯದ ಜನರೆಲ್ಲ ಬೆಲೆ ಕಟ್ಟತೊಡಗಿದರು. ಒಬ್ಬರು ನಾಲ್ಕು ಲಕ್ಷವೆಂದರು. ಇನ್ನೊಬ್ಬರು, ನಾಲ್ಕು ಎಂದವರ ಮೇಲಿನ ಹಳೆಯ ಸಿಟ್ಟಿಗೆ, ಐದು ಎಂದರು. ಒಬ್ಬರು ವಾಸ್ತು ಪ್ರಕಾರ ಅದನ್ನು ಯಾವ ದಿಕ್ಕಿಗೆ ಮುಖ ಮಾಡಿ ಇಟ್ಟಿದ್ದಾರೆಂದು ವಿಚಾರಿಸಿದರು.

ಆ ಸುದ್ದಿ ಹಿಡಿದು ಪೊಲೀಸ್ ಪೇದೆಯೊಬ್ಬರು ಬಾಗಿಲಿಗೆ ಬಂದಾಗ ಯೋಗಾನಂದ ಲೈಸೆನ್ಸಿನ ಬದಲು ಮೊದಲು ರೇಷನ್ ಕಾರ್ಡು ತಂದುಕೊಟ್ಟ. ಅವರು ಲೈಸೆನ್ಸ್ ನೋಡಿದರು, ಖಾಲಿ ಪಿಸ್ತೂಲು ನೋಡಿದರು. "ಎಲ್ಲಾ ಸರಿಯಾಗಿದೆ. ಯಾರ ಹೆಸರಿಗೆ ಅಂತ ಬೇಗ ಅರ್ಜಿ ಕೊಡಿ" ಎಂದು ಗಂಭೀರವಾಗಿ ಎದ್ದರು. ಯೋಗಾನಂದ ಗೇಟಿನವರೆಗೂ ಹೋಗಿ ಕೈಮುಗಿದ. ಪೇದೆ ಆಚೀಚೆ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಸಾರ್, ನಾನ್ ಹೇಳ್ದೆ ಅನ್ಬೇಡಿ. ಅಕ್ಕಾವ್ರಿಗೆ ಏಳು ಲಕ್ಷ ಅನ್ನಿ."

ತಲೆಯ ಮೇಲೆ ಕೈ ಹೊತ್ತು ಗೇಟಿನ ಕಟ್ಟೆಯಲ್ಲೇ ಅರ್ಧ ಗಂಟೆ ಕೂತು ಅವನು ಒಳಗೆ ಬಂದರೆ, ಮೇಜಿನ ಮೇಲೆ ಪಿಸ್ತೂಲಿರಲಿಲ್ಲ. ಹಿತ್ತಲಿನಿಂದ ತಿಕ್ಕುವ ಸದ್ದು ಬರುತ್ತಿತ್ತು. ಪಕ್ಕದ ಮನೆಯ ಶಿಲ್ಪಾ ಸೆರಗು ಸಿಕ್ಕಿಸಿ, ನಲ್ಲಿಯ ಕೆಳಗೆ ಕೂತು, ಹುಣಸೆಹಣ್ಣು ಬೂದಿ ಹಾಕಿ ಅದನ್ನು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದಳು. ದೀಪಾವಳಿಯ ಹಂಡೆಯ ಹಾಗೆ ಅದು ಥಳಥಳಿಸುತ್ತಿತ್ತು.

"ಏನಮ್ಮಾ ಇದು!"

"ಯೋಗಣ್ಣ, ಪೂಜೆ ಸಾಮಾನಿಗೆ ಹಿಂಗಾ ಕಪ್ಪು ಹಿಡಿಸೋದು? ಹೆಣ್ಣು ನೋಡೋಕ್ ಬಂದ್ರೂ ತಲೆ ಬಾಚಿ ಕೂರಿಸ್ತೀವಪ್ಪ. ಈಗ ಧೈರ್ಯವಾಗಿ ಹತ್ತು ಲಕ್ಷ ಹೇಳಿ."

ಹತ್ತು ಲಕ್ಷ! ಯೋಗಾನಂದನ ಕಣ್ಣ ಮುಂದೆ ಚೈತ್ರ ಕೆಂಗೇರಿಯ ಬಸ್ಸು ಹತ್ತಿದಳು.

ಅದೇ ಹೊತ್ತಿಗೆ ರುದ್ರೇಶ ಬಂದ. ದಾವಣಗೆರೆ ಕಡೆಯವನು, ದೊಡ್ಡ ಮೀಸೆ, ದೊಡ್ಡ ಗಂಟಲು. ಪಿಸ್ತೂಲನ್ನು ಕೈಗೆತ್ತಿಕೊಂಡವನೇ ಹೆಣ ನೋಡಿದವನಂತೆ ನಿಂತ.

"ಯಾವ ಪುಣ್ಯಾತ್ಮರು ಇದನ್ನ ತಿಕ್ಯಾರ್ರೀ? ಆ ಹಳೇ ನೀಲಿಗಪ್ಪು ಬಣ್ಣಕ್ಕ ಕಿಮ್ಮತ್ತಿತ್ತು. ಹುಳಿ ಹಚ್ಚಿ ತೊಳದೀರಲ್ಲ!" ಟಾರ್ಚ್ ಹಾಕಿ ನಳಿಗೆಯೊಳಗೆ ಇಣುಕಿದ. "ಶಿವ ಶಿವಾ! ಕುಂಕುಮ, ತೀರ್ಥ ಸೇರಿ ಒಳಗೆಲ್ಲಾ ತುಕ್ಕು ತಿಂದೈತಿ. ಇದು ಪಿಸ್ತೂಲಲ್ರೀ, ಉದ್ಧರಣೆ!"

"ಬೆಲೆ ಎಷ್ಟಾಗತ್ತೆ?" ಎಂದ ಯೋಗಾನಂದ.

"ನಿನ್ನೆ ತೋರಿಸಿದ್ರ..."

"ನಿನ್ನೇದು ಬೇಡ, ಇವತ್ತಿಂದು ಹೇಳಿ!"

"ಹೇಳಾಕ ನಾಚಿಕೀ ಬರ್ತದ. ಒಂದು ರೂಪಾಯಿ ಅಂತ ಇಟ್ಕೊಳ್ರಿ. ಗುಂಡು ಹಾರಲಿ ಬಿಡಲಿ, ಲೈಸೆನ್ಸ್ ಮಾತ್ರ ಬೇಕು ಮತ್ತ."

ಯೋಗಾನಂದ ಅವನನ್ನು ಅಪ್ಪಿಕೊಂಡು ಕುಣಿದ. ಬೆಲೆ ಕೇಳಿ ಅತ್ತವರನ್ನು, ಬೈದವರನ್ನು ಕಂಡಿದ್ದ ರುದ್ರೇಶ, ಕುಣಿದವನನ್ನು ಕಂಡದ್ದು ಅದೇ ಮೊದಲು. ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಶಿಲ್ಪಾಳಿಗೆ ಯೋಗಾನಂದ ಎರಡೂ ಕೈ ಮುಗಿದು, "ನೀನು ಹೆಣ್ಣಲ್ಲಮ್ಮ, ದೇವತೆ" ಎಂದ. ಅವಳಿಗೆ ಇನ್ನಷ್ಟು ಅಳು ಬಂತು.

ದೀಪ ಹಚ್ಚುವ ಹೊತ್ತಿಗೆ ಸೌಂದರ್ಯಾ ಬಂದಳು. ಕಾಲು ತೊಳೆದು, ಅಪ್ಪನ ಪಟಕ್ಕೆ ಕೈಮುಗಿದು, ಕಣ್ಣೊರೆಸಿಕೊಂಡು ಚಾಪೆಯ ಮೇಲೆ ಕೂತಳು. ರುದ್ರೇಶ, ಶಿವಕಿರಣ್, ಶಿಲ್ಪಾ ಸಾಕ್ಷಿಗೆ ಸಾಲಾಗಿ ಕೂತಿದ್ದರು.

"ಹೇಳೋ ಯೋಗಿ, ಎಷ್ಟು ಕಟ್ಟಿದೀಯ?"

"ಒಂದು ರೂಪಾಯಿ ಅಕ್ಕಾ. ಬೇಕಾದ್ರೆ ಇವರನ್ನೇ ಕೇಳು."

ರುದ್ರೇಶ ದುಃಖದಿಂದ ತಲೆಯಾಡಿಸಿದ. ಸೌಂದರ್ಯಾ ದೊಡ್ಡದಾಗಿ ಉಸಿರು ಬಿಟ್ಟಳು.

"ಅಬ್ಬಾ, ಬದುಕಿದೆ! ಹಂಗಾದ್ರೆ ನೀನೇ ಇಟ್ಕೊಳಪ್ಪ."

"ಅಕ್ಕಾ! ರೂಪಾಯಿಗೆ ಪಿಸ್ತೂಲು ಯಾರು ಕೊಡ್ತಾರೆ? ಯೋಚನೆ ಮಾಡು!"

"ಮೂರು ದಿನದಿಂದ ಅದೇ ಯೋಚನೆ ಕಣೋ. ಆ ಪೀಡೆ ಯಾರಿಗ್ ಬೇಕು? ಆದ್ರೆ ನೀನು ಲಕ್ಷಗಟ್ಲೆ ಬೆಲೆ ಹೇಳಿ, ನಾನು ನೀನಿಟ್ಕೊ ಅಂದ್ರೆ, ಪಾಪ, ಅರ್ಧ ಎಲ್ಲಿಂದ ತರ್ತೀಯ? ತಮ್ಮನ್ನ ಸಾಲಕ್ಕೆ ತಳ್ಳೋಕಾಗತ್ತಾ? ದೊಡ್ಡ ಬೆಲೆ ಬಂದ್ರೆ ಹಾಳಾಗ್ಲಿ, ನಾನೇ ತಗೊಂಡು ಹೋಗ್ತೀನಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡ್ ಬಂದಿದ್ದೆ. ಸದ್ಯ, ನಿಂಗೆ ಭಾರ ಆಗ್ಲಿಲ್ಲ. ತಗೊ, ಎಂಟಾಣೆ ಕೊಡು."

ಯೋಗಾನಂದ ಜೇಬು ತಡಕಿದ. ಕೊನೆಗೊಂದು ಆಸೆ ಮಿಂಚಿತು.

"ಈಗ ಎಂಟಾಣೆ ಎಲ್ಲಿದೆ ಅಕ್ಕಾ? ಅರ್ಧ ಕೊಡದೆ ಪಾಲು ಮುಗಿಯಲ್ಲ!"

"ಅಯ್ಯೋ, ಅದಕ್ಯಾಕೆ ಯೋಚನೆ ಯೋಗಣ್ಣ!" ಎಂದು ಶಿಲ್ಪಾ ಎದ್ದು ಓಡಿದಳು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಸಿಕ್ಕಿದ ಸಂತೋಷದಲ್ಲಿ, ದೇವರ ಮನೆಯ ಹುಂಡಿಯನ್ನೇ ಬೋರಲು ಹಾಕಿ, ಒಂದು ಎಂಟಾಣೆ ಹಿಡಿದು ಬಂದಳು. ಸೌಂದರ್ಯಾ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು.

ಒಳಗಿನಿಂದ ಚೈತ್ರಳ ಧ್ವನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದಳು.

"ಅಮ್ಮಾ, ರಾತ್ರಿಗೆ ಒಬ್ಬರಿಗೆ ಜಾಸ್ತಿ ಅಕ್ಕಿ ಹಾಕು."

ಯೋಗಾನಂದ ಮೇಜಿನ ಮೇಲೆ ಹೊಳೆಯುತ್ತಿದ್ದುದನ್ನು ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಇಬ್ಬರಿಗೆ ಹಾಕು ಅನ್ನು ಕಣೇ."