ಜಾಲರಿ ಪರೀಕ್ಷಕರ ಚರ್ಮ ಪರೀಕ್ಷೆ

ಪೀಣ್ಯದ ಪಕ್ಕದ ಒಂದು ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ನಾನು ಹಿರಿಯ ನರ್ಸ್. ನಗು ಬರುವ ಸಂಗತಿ ನಡೆಯದ ವಾರವೇ ನಮ್ಮಲ್ಲಿಲ್ಲ. ಆದರೆ ಲಗ್ಗೆರೆಯಿಂದ ಬಂದ ಒಬ್ಬರೇ ರೋಗಿ ಮೂರು ಸಲ ನಗಿಸಿದರು. ವಿಜಯಪುರದ ಕಡೆಯವರು, ತಂತಿ ಜಾಲರಿ ನೇಯುವ ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷಕರು. ಮೈಮೇಲೆ, ಬಾಯೊಳಗೆ ನೀರ್ಗುಳ್ಳೆ. ಕಾಯಿಲೆಯ ಹೆಸರು ಪೆಂಫಿಗಸ್. ವಾಸಿಯಾಗಿ ಕೆಲಸಕ್ಕೆ ಮರಳಬೇಕು ಅನ್ನುವುದೊಂದೇ ಅವರ ಹಟ.

೧. ತಪ್ಪು ಯಾರದು?

ಡಾಕ್ಟರಮ್ಮ ಬಿಡಿಸಿ ಹೇಳಿದರು: "ರೋಗಾಣು ಹೊಡೆಯೋಕೆ ರಕ್ತದಲ್ಲಿ ಆಂಟಿಬಾಡಿ ಅಂತ ಇರ್ತವೆ. ನಿಮ್ಮಲ್ಲಿ ಅವು ಚರ್ಮದ ಕಣಗಳನ್ನ ಹಿಡ್ಕೊಂಡಿರೋ ಅಂಟನ್ನೇ ಶತ್ರು ಅಂದ್ಕೊಂಡಿವೆ. ಅಂಟು ಬಿಟ್ಟ ಕಡೆ ನೀರು ತುಂಬಿ ಗುಳ್ಳೆ ಏಳುತ್ತೆ."

"ಅವನ್ನ ತಡಿಯೋರು ಯಾರೂ ಇಲ್ಲೇನ್ರೀ?"

"ಅದಕ್ಕೂ ಬೇರೆ ಕಣಗಳಿವೆ. ಅವು ಸರಿಯಾಗಿ ಕೆಲಸ ಮಾಡ್ತಿಲ್ಲ."

ಅವರು ಹಾಸಿಗೆಯಲ್ಲಿ ನೆಟ್ಟಗೆ ಕೂತರು. "ತಿಳೀತ್ರೀ. ಸೂಪರ್‌ವೈಸರ್ ಮಲಗ್ಯಾನ."

೨. ಮೊಸರನ್ನ

ಲಗ್ಗೆರೆಯ ಬಾಡಿಗೆ ರೂಮಿನಲ್ಲಿ ಅವರ ಜೊತೆಗಿದ್ದ ಮೂವರು, ಕಾಯಿಲೆ ತಮಗೂ ತಗಲುತ್ತದೆ ಅಂತ ಹೆದರಿ, ಊಟದ ಡಬ್ಬಿ ತಂದರೂ ವಾರ್ಡಿನ ಬಾಗಿಲಲ್ಲೇ ನಿಲ್ಲುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರೆದುರೇ ಆ ಡಬ್ಬಿಯಿಂದ ಎರಡು ತುತ್ತು ಮೊಸರನ್ನ ತಿಂದು, "ಇದು ಇವರ ಮೈಯೊಳಗಿನ ಜಗಳ ಕಣ್ರಪ್ಪಾ, ನಿಮಗೆ ಬರಲ್ಲ" ಅಂದೆ.

ವಾರ ಕಳೆದು, "ಈಗ ಹತ್ರ ಬರ್ತಾರಾ?" ಅಂತ ವಿಚಾರಿಸಿದೆ.

"ಬರ್ತಾರ್ರೀ. ಅಂಜಿಲ್ಲ ಅಂತ ತೋರ್ಸಾಕ ಡಬ್ಬಿನೂ ಅವರೇ ತಿಂತಾರ. ಮೊದಲೇ ಚಲೋ ಇತ್ತು."

೩. ಪಾಸ್

ಗುಳ್ಳೆ ಒಣಗಿದ್ದೇ ತಡ, ಮಾತ್ರೆ ನಿಲ್ಲಿಸುತ್ತೇನೆ ಅಂದರು. ಕಾಯಿಲೆ ತಿರುಗಿ ಬರುತ್ತದೆ ಅಂದರೆ, "ಕಣ್ಣಿಗೆ ಕಾಣದ್ದನ್ನ ನಾ ನಂಬಂಗಿಲ್ರೀ" ಅನ್ನುವ ಉತ್ತರ. ಸರಿ, ಅವರ ಬೆನ್ನಿನ ಚೂರು ಚರ್ಮವನ್ನು ಪರೀಕ್ಷಿಸಿದ ಲ್ಯಾಬಿಗೇ ಕರೆದುಕೊಂಡು ಹೋದೆ. ಹೊಳೆಯುವ ಬಣ್ಣ ಹಾಕಿದರೆ ಆಂಟಿಬಾಡಿ ಕೂತ ಜಾಗವೆಲ್ಲ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುತ್ತದೆ, ಥೇಟ್ ಜಾಲರಿಯಂತೆ.

ಬಹಳ ಹೊತ್ತು ನೋಡಿದರು. "ಜಾಲರಿ ಕಣ್ಣೆಲ್ಲಾ ಸಮ ಅದಾವ. ಒಂದು ಎಳಿ ಬಿಟ್ಟಿಲ್ಲ. ಫಸ್ಟ್ ಕ್ಲಾಸ್ ಮಾಲು. ಯಾರ ಕೆಲಸಾರೀ ಇದು?"

"ನಿಮ್ಮ ಮೈಯದ್ದೇ."

ಮುಖ ಅರಳಿತು. ಲ್ಯಾಬಿನ ಟೆಕ್ನೀಶಿಯನ್ ಗಾಬರಿಯಾಗಿ, "ಸಾರ್, ಇದು ಇರಬಾರದು" ಅಂದರು.

"ಹಂಗಾದ್ರ ಆರ್ಡರ್ ಇಲ್ಲದ ಮಾಲು," ಅಂತ ಗೊಣಗಿ ಮಾತ್ರೆ ಜೇಬಿಗೆ ಹಾಕಿಕೊಂಡರು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಮರುವರ್ಷ ಮತ್ತೆ ಅದೇ ಪರೀಕ್ಷೆ. ಜಾಲರಿ ಇಲ್ಲದಿದ್ದರೆ ಮಾತ್ರೆ ಕಡಿಮೆ ಮಾಡುತ್ತಾ ಬರಬಹುದು, ಅವರು ಕೆಲಸಕ್ಕೂ ಹೋಗಬಹುದು. ನಾವೆಲ್ಲ ಮೊದಲೇ ನೋಡಿಯಾಗಿತ್ತು. ಅವರೇ ನೋಡಲಿ ಅಂತ ಸುಮ್ಮನಿದ್ದೆವು. ನಿಜ ಹೇಳುತ್ತೇನೆ, ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು ಮೂಲೆ ಮೂಲೆ ಹುಡುಕಿದರು. ಬರೀ ಕತ್ತಲು.

"ಎಳಿ ಇಲ್ಲ, ಕಣ್ಣಿಲ್ಲ, ಏನೂ ಇಲ್ಲ. ರಿಪೋರ್ಟ್ ಕೊಡ್ರಿ ಇಲ್ಲೆ."

ಜೇಬಿನಿಂದ ಪೆನ್ನು ತೆಗೆದು, ಡಾಕ್ಟರಮ್ಮನ ಸಹಿಯ ಕೆಳಗೆ ತಮ್ಮದೂ ಒಂದು ಸಹಿ ಹಾಕಿ ನನ್ನ ಕೈಗೆ ಕೊಟ್ಟರು. "ಖಾಲಿ ಮಾಲು ಪಾಸ್ ಮಾಡಿದ್ದು, ನನ್ನ ಸರ್ವೀಸಿನ್ಯಾಗ ಇದೇ ಮೊದಲ್ರೀ ಸಿಸ್ಟರ್."